ಇಪ್ಪತ್ತೊಂದನೆಯ ಗೆರೆಯಲ್ಲಿ ಅಡಗಿದ ಮಾತು

ಟೆಲಿವಿಷನ್ ಕಣ್ಣಿನ ಮಾಧ್ಯಮವೆಂದು ಹೇಳುವುದು ವಾಡಿಕೆಯಾದರೂ ಅದರ ಸುದ್ದಿ, ಚರ್ಚೆ, ಧಾರಾವಾಹಿಗಳಲ್ಲಿ ಅರ್ಥವನ್ನು ಹೊತ್ತು ಸಾಗುವುದು ಬಹುಮಟ್ಟಿಗೆ ಮಾತೇ ಆಗಿರುವುದರಿಂದ, ಕಿವಿ ಕೇಳದವರ ಪಾಲಿಗೆ ಅದು ಮೊದಲ ಕೆಲವು ದಶಕಗಳಲ್ಲಿ ಮೂಕಿ ಚಿತ್ರಕ್ಕಿಂತಲೂ ಬಡವಾದ ಮಾಧ್ಯಮವಾಗಿತ್ತು. ಮೂಕಿ ಚಿತ್ರಗಳಲ್ಲಿ ದೃಶ್ಯಗಳ ನಡುವೆ ಬರಹದ ಫಲಕಗಳಾದರೂ ಇರುತ್ತಿದ್ದವು. 1920ರ ದಶಕದ ಕೊನೆಯಲ್ಲಿ ವಾಕ್ಚಿತ್ರಗಳು ಬಂದ ಮೇಲೆ ಆ ಫಲಕಗಳೂ ಕಣ್ಮರೆಯಾದವು, ಅವುಗಳ ಹಿಂದೆ ಬಂದ ಟೆಲಿವಿಷನ್ ಅದೇ ಹಾದಿ ಹಿಡಿಯಿತು. ಈ ಕೊರತೆಯನ್ನು ನೀಗಲೆಂದು ಅಮೆರಿಕದಲ್ಲಿ 1970ರ ದಶಕದಲ್ಲಿ ರೂಪುಗೊಂಡು 1980ರ ಮಾರ್ಚ್ 16ರಂದು ನಿಯಮಿತ ಪ್ರಸಾರಕ್ಕೆ ಬಂದ ವ್ಯವಸ್ಥೆಯೇ ಕ್ಲೋಸ್ಡ್ ಕ್ಯಾಪ್ಷನಿಂಗ್. ಮಾತಿನ ಬರಹರೂಪವನ್ನು ಪ್ರಸಾರದ ಸಂಕೇತದೊಳಗೆ ಅಡಗಿಸಿ ಕಳುಹಿಸಿ, ಬೇಕೆಂದವರ ಪರದೆಯ ಮೇಲೆ ಮಾತ್ರ ಅದನ್ನು ಮೂಡಿಸುವುದು ಇದರ ತಿರುಳು. ಎಲ್ಲರ ಕಣ್ಣಿಗೂ ಬೀಳುವಂತೆ ಚಿತ್ರದ ಮೇಲೆಯೇ ಅಚ್ಚಾಗಿರುವ ಅಡಿಬರಹವನ್ನು ಓಪನ್ ಕ್ಯಾಪ್ಷನ್ ಎಂದು ಕರೆಯುತ್ತಾರೆ. ಕೇಳುವ ಕಿವಿಯುಳ್ಳ ಬಹುಸಂಖ್ಯಾತ ವೀಕ್ಷಕರಿಗೆ ಪರದೆಯ ಮೇಲಿನ ಬರಹ ಕಿರಿಕಿರಿಯಾದೀತೆಂಬ ಪ್ರಸಾರಕರ ಅಳುಕಿನಿಂದ ಹುಟ್ಟಿದ ರಾಜಿಯೇ ಅಡಗಿಸಿಟ್ಟ ಅಡಿಬರಹ.

ಈ ರಾಜಿಗೆ ಒಂದು ಬೆಲೆಯಿತ್ತು. ಅಡಗಿದ್ದನ್ನು ಹೊರತೆಗೆಯಲು ಒಂದು ಉಪಕರಣ ಬೇಕು, ಅಡಗಿಸಲು ಇನ್ನೊಂದು ಉಪಕರಣ ಬೇಕು, ಅಡಗಿಸಬೇಕಾದ ಬರಹವನ್ನು ಸಿದ್ಧಪಡಿಸಲು ನುರಿತ ಕೆಲಸಗಾರರು ಬೇಕು. ಈ ಮೂರರ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆಯ ಸುತ್ತಲೇ ಕ್ಯಾಪ್ಷನ್ ತಂತ್ರಜ್ಞಾನದ ಅರ್ಧ ಶತಮಾನದ ಚರಿತ್ರೆ ತಿರುಗಿದೆ. ತಂತ್ರಜ್ಞಾನದ ತೊಡಕುಗಳು ಒಂದೊಂದಾಗಿ ಬಿಡಿಸಿಕೊಂಡರೂ ಭಾರವನ್ನು ಹೆಗಲಿನಿಂದ ಹೆಗಲಿಗೆ ದಾಟಿಸುವ ಜಗ್ಗಾಟ ಮಾತ್ರ ಪ್ರತಿ ಘಟ್ಟದಲ್ಲೂ ಹೊಸದಾಗಿ ನಡೆದಿದೆ.

ಸಮಯ ಕಳುಹಿಸಲು ಹೊರಟವರು

ಅಡಿಬರಹದ ಮೊದಲ ಯತ್ನಗಳು ಸಿನಿಮಾ ರೀಲುಗಳ ಮೇಲೆ ನಡೆದವು. ಮೂಕಿ ಯುಗದಲ್ಲಿ ನಟರಾಗಿದ್ದ, ಸ್ವತಃ ಕಿವುಡರಾದ ಎಮರ್ಸನ್ ರೊಮೆರೊ 1947ರಲ್ಲಿ ವಾಕ್ಚಿತ್ರದ ರೀಲುಗಳನ್ನು ಕತ್ತರಿಸಿ ನಡುನಡುವೆ ಬರಹದ ಫಲಕಗಳನ್ನು ಸೇರಿಸಿದರು. ವೆಸ್ಟ್ ಹಾರ್ಟ್‌ಫರ್ಡ್‌ನಲ್ಲಿರುವ ಅಮೆರಿಕನ್ ಸ್ಕೂಲ್ ಫಾರ್ ದ ಡೆಫ್‌ನ ಮುಖ್ಯಸ್ಥ ಎಡ್ಮಂಡ್ ಬೋಟ್ನರ್ ಮೊದಲಾದವರ ಪ್ರಯತ್ನದಿಂದ ಅಡಿಬರಹವುಳ್ಳ ಚಿತ್ರಗಳ ಒಂದು ಎರವಲು ಭಂಡಾರ ಬೆಳೆಯಿತು. 1958ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಕಾನೂನಿನ ಮೂಲಕ ಅದು ಸರ್ಕಾರದ ಹೊಣೆಯಾಯಿತು. ಆದರೆ ಈ ಚಿತ್ರಗಳು ಕಿವುಡರ ಶಾಲೆಗಳಿಗೂ ಸಂಘಗಳಿಗೂ ತಲುಪುತ್ತಿದ್ದವೇ ಹೊರತು ಮನೆಮನೆಯ ಟಿ.ವಿ.ಗೆ ಬರುತ್ತಿರಲಿಲ್ಲ.

ಟಿ.ವಿ.ಯ ದಾರಿ ತೆರೆದದ್ದು ಬೇರೊಂದು ಉದ್ದೇಶ ಕೈಗೂಡದೆ ಹೋದಾಗ. ಅಳತೆ ಮತ್ತು ಮಾನಕಗಳ ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್ 1970ರ ಸುಮಾರಿಗೆ ನಿಖರ ಸಮಯದ ಮಾಹಿತಿಯನ್ನು ಟೆಲಿವಿಷನ್ ಸಂಕೇತದ ಬಳಕೆಯಾಗದ ಭಾಗದಲ್ಲಿ ಸೇರಿಸಿ ದೇಶವ್ಯಾಪಿಯಾಗಿ ಹಂಚಬಹುದೇ ಎಂದು ಎಬಿಸಿ ವಾಹಿನಿಯ ಜೊತೆಗೂಡಿ ಪರೀಕ್ಷಿಸುತ್ತಿತ್ತು. ಸಮಯ ಹಂಚುವ ಯೋಜನೆ ಮುಂದೆ ಸಾಗಲಿಲ್ಲ. ಅದೇ ಜಾಗದಲ್ಲಿ ಅಡಿಬರಹವನ್ನು ಕಳುಹಿಸಬಹುದಲ್ಲವೇ ಎಂಬ ಸಲಹೆ ಎಬಿಸಿಯ ಕಡೆಯಿಂದ ಬಂತು. 1971ರಲ್ಲಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಶ್ರವಣದೋಷವುಳ್ಳವರಿಗಾಗಿ ಟೆಲಿವಿಷನ್ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆದು ಅಲ್ಲಿ ಈ ವಿಧಾನಗಳ ಪ್ರಾತ್ಯಕ್ಷಿಕೆಯಾಯಿತು. 1972ರ ಫೆಬ್ರುವರಿ 15ರಂದು, ಕಿವುಡರ ಉನ್ನತ ಶಿಕ್ಷಣಕ್ಕೆ ಹೆಸರಾದ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಲ್ಲಿ ‘ದ ಮಾಡ್ ಸ್ಕ್ವಾಡ್’ ಎಂಬ ಧಾರಾವಾಹಿಯನ್ನು ಅಡಗಿಸಿಟ್ಟ ಅಡಿಬರಹದೊಡನೆ ತೋರಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಸ್ಟನ್ನಿನ ಸಾರ್ವಜನಿಕ ವಾಹಿನಿ ಡಬ್ಲ್ಯುಜಿಬಿಎಚ್, ಜೂಲಿಯಾ ಚೈಲ್ಡ್ ಅವರ ‘ದ ಫ್ರೆಂಚ್ ಶೆಫ್’ ಅಡುಗೆ ಕಾರ್ಯಕ್ರಮವನ್ನು ಓಪನ್ ಕ್ಯಾಪ್ಷನ್‌ಗಳ ಜೊತೆಗೆ ಇಡೀ ದೇಶಕ್ಕೆ ಪ್ರಸಾರ ಮಾಡಿತು. ಮರುವರ್ಷದಿಂದ ಅದೇ ಕೇಂದ್ರದ ಸಿಬ್ಬಂದಿ ಎಬಿಸಿಯ ಸಂಜೆಯ ಸುದ್ದಿಗೆ ಕೆಲವೇ ಗಂಟೆಗಳಲ್ಲಿ ಅಡಿಬರಹ ಸಿದ್ಧಪಡಿಸಿ ತಡರಾತ್ರಿಯಲ್ಲಿ ಮರುಪ್ರಸಾರ ಮಾಡತೊಡಗಿದರು. ಕಿವುಡ ವೀಕ್ಷಕರಿಗೆ ಅಂದಿನ ಸುದ್ದಿ ಅಂದೇ ಸಿಗುವಂತಾಯಿತಾದರೂ ಅದಕ್ಕಾಗಿ ಅವರು ನಿದ್ದೆಗೆಡಬೇಕಾಗಿತ್ತು.

ಮುಂದಿನ ಹಂತದ ಕೆಲಸವನ್ನು ಸರ್ಕಾರದ ಅನುದಾನ ಪಡೆದು ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಪಿಬಿಎಸ್‌ನ ಎಂಜಿನಿಯರುಗಳು ಕೈಗೊಂಡರು. ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ, ಸ್ವತಃ ಕಿವುಡರಾದ ಮಾಲ್ಕಂ ನಾರ್ವುಡ್ ಈ ಅನುದಾನದ ಹಿಂದಿನ ಶಕ್ತಿಯಾಗಿದ್ದರೆ ಎಂಜಿನಿಯರಿಂಗ್ ತಂಡವನ್ನು ಜಾನ್ ಬಾಲ್ ಮುನ್ನಡೆಸಿದರು. 1976ರಲ್ಲಿ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಸಂಕೇತದ ಇಪ್ಪತ್ತೊಂದನೆಯ ಗೆರೆಯನ್ನು ಅಡಿಬರಹಕ್ಕಾಗಿ ಮೀಸಲಿಟ್ಟಿತು.

ಒಂದು ಗೆರೆಯ ಸಾಮರ್ಥ್ಯ

ಅಂದಿನ ಅನಲಾಗ್ ಟೆಲಿವಿಷನ್ ಚಿತ್ರವನ್ನು ಎಲೆಕ್ಟ್ರಾನ್ ಕಿರಣವೊಂದು ಪರದೆಯ ಮೇಲೆ ಗೆರೆಗೆರೆಯಾಗಿ ಬಿಡಿಸುತ್ತಿತ್ತು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 525 ಗೆರೆಗಳು. ಸೆಕೆಂಡಿಗೆ ಸುಮಾರು 30 ಚಿತ್ರಗಳು. ಪ್ರತಿ ಚಿತ್ರವೂ ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂಬಂತೆ ಫೀಲ್ಡ್ ಎನಿಸಿಕೊಳ್ಳುವ ಎರಡು ಪಾಲುಗಳಾಗಿ ಬರುತ್ತಿತ್ತು. ಪರದೆಯ ಕೆಳತುದಿ ಮುಟ್ಟಿದ ಕಿರಣ ಮತ್ತೆ ಮೇಲಕ್ಕೆ ಮರಳುವ ಅವಧಿಯಲ್ಲಿ ಚಿತ್ರವನ್ನು ಹೊರದ ಕೆಲವು ಗೆರೆಗಳು ಕಳೆದುಹೋಗುತ್ತವೆ. ಲಂಬ ವಿರಾಮವೆನ್ನಬಹುದಾದ ಈ ಅವಧಿಯ ಕೊನೆಯ ಗೆರೆಯೇ ಇಪ್ಪತ್ತೊಂದನೆಯದು. ಅದು ದೃಶ್ಯಭಾಗಕ್ಕೆ ತಾಗಿಕೊಂಡೇ ಇದ್ದರೂ ಸಾಮಾನ್ಯ ಟಿ.ವಿ.ಯ ಚೌಕಟ್ಟಿನಾಚೆ ಉಳಿಯುವುದರಿಂದ ನೋಡುಗರ ಕಣ್ಣಿಗೆ ಬೀಳುವುದಿಲ್ಲ.

ಈ ಗೆರೆಯ ಆರಂಭದಲ್ಲಿ ಲಯ ಹೊಂದಿಸಿಕೊಳ್ಳಲು ಏಳು ಅಲೆಗಳ ಒಂದು ಮುನ್ಸೂಚನೆಯೂ ಅದರ ಬೆನ್ನಿಗೆ ಎರಡು ಅಕ್ಷರಗಳ ಮಾಹಿತಿಯೂ ಇರುತ್ತವೆ. ಪ್ರತಿ ಅಕ್ಷರಕ್ಕೆ ಏಳು ಬಿಟ್‌ಗಳು ಮೀಸಲು. ತಪ್ಪು ಪತ್ತೆಗೆಂದು ಎಂಟನೆಯದೊಂದು. ಹೀಗೆ ಒಂದು ಫೀಲ್ಡಿನ ಮೂಲಕ ಸೆಕೆಂಡಿಗೆ ಸುಮಾರು 60 ಅಕ್ಷರಗಳು ಮಾತ್ರ ಸಾಗುತ್ತವೆ. ಇಂದಿನ ಇಂಟರ್ನೆಟ್ ವೇಗದ ಮುಂದೆ ಇದು ಲೆಕ್ಕಕ್ಕೇ ಇಲ್ಲವೆನಿಸಿದರೂ ನಿಮಿಷಕ್ಕೆ 180 ಪದಗಳ ವೇಗದಲ್ಲಿ ಇಂಗ್ಲಿಷ್ ಮಾತನಾಡುವವರ ಮಾತೂ ಸೆಕೆಂಡಿಗೆ 20 ಅಕ್ಷರಗಳನ್ನು ದಾಟುವುದು ಅಪರೂಪವಾದ್ದರಿಂದ, ಮಾತಿನ ಜೊತೆಗೆ ಅದನ್ನು ಪರದೆಯ ಮೇಲೆ ಎಲ್ಲಿ, ಹೇಗೆ ತೋರಿಸಬೇಕೆಂಬ ಆದೇಶಗಳನ್ನೂ ಕಳುಹಿಸಲು ಈ ಗೆರೆ ಧಾರಾಳವಾಗಿ ಸಾಕಾಯಿತು. ದಾರಿಯಲ್ಲಿ ಕೆಟ್ಟುಹೋಗುವ ಅಪಾಯವಿರುವುದರಿಂದ ಇಂಥ ಆದೇಶಗಳನ್ನು ಎರಡೆರಡು ಬಾರಿ ಕಳುಹಿಸುವ ಪದ್ಧತಿಯೂ ಬಂತು.

ಪರದೆಯನ್ನು 15 ಸಾಲು, ಪ್ರತಿ ಸಾಲಿಗೆ 32 ಅಕ್ಷರಗಳ ಜಾಲರಿಯಾಗಿ ಭಾಗಿಸಲಾಯಿತು. ಬರಹ ಮೂಡುವ ಬಗೆಯಲ್ಲಿ ಎರಡು ಮುಖ್ಯ. ಮೊದಲೇ ಧ್ವನಿಮುದ್ರಿತವಾದ ಸಿನಿಮಾ, ಧಾರಾವಾಹಿಗಳಲ್ಲಿ ಒಂದೊಂದು ವಾಕ್ಯವೂ ಮರೆಯಲ್ಲಿ ಸಿದ್ಧಗೊಂಡು ಮಾತು ಹೊರಟ ಕ್ಷಣಕ್ಕೆ ಒಮ್ಮೆಗೇ ಕಾಣಿಸಿಕೊಳ್ಳುವುದು ಪಾಪ್-ಆನ್. ನೇರ ಪ್ರಸಾರದಲ್ಲಿ ಪದಗಳು ಕೆಳಸಾಲಿನಲ್ಲಿ ಮೂಡುತ್ತ, ಹಳೆಯ ಸಾಲು ಮೇಲಕ್ಕೆ ಸರಿಯುತ್ತ ಹೋಗುವುದು ರೋಲ್-ಅಪ್. ಆರಂಭದ ಅಡಿಬರಹಗಳೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಇರುತ್ತಿದ್ದುದಕ್ಕೂ ತಾಂತ್ರಿಕ ಕಾರಣವಿದೆ. ಗೆರೆಯಿಂದ ಕೆಳಕ್ಕಿಳಿಯುವ ಬಾಲಗಳುಳ್ಳ ಸಣ್ಣಕ್ಷರಗಳನ್ನು ಅಂದಿನ ಡಿಕೋಡರುಗಳು ಸರಿಯಾಗಿ ಮೂಡಿಸುತ್ತಿರಲಿಲ್ಲ. ಅಡಿಬರಹದಲ್ಲಿ ಮಾತಿನ ಜೊತೆಗೆ ಬಾಗಿಲು ಬಡಿದ ಸದ್ದು, ನಗು, ಸಂಗೀತ, ಪರದೆಯಾಚೆ ಮಾತನಾಡುವವರ ಹೆಸರು ಇವೆಲ್ಲವನ್ನೂ ಸೂಚಿಸುವ ರೂಢಿ ಬೆಳೆಯಿತು. ಪರಭಾಷೆಯವರಿಗೆಂದು ಸಂಭಾಷಣೆಯನ್ನು ಮಾತ್ರ ಅನುವಾದಿಸುವ ಸಾಮಾನ್ಯ ಸಬ್‌ಟೈಟಲ್‌ಗೂ ಕಿವಿ ಕೇಳದವರಿಗೆಂದು ಇಡೀ ಧ್ವನಿಲೋಕವನ್ನು ಬರಹಕ್ಕಿಳಿಸುವ ಕ್ಯಾಪ್ಷನ್‌ಗೂ ಇರುವ ವ್ಯತ್ಯಾಸವಿದು.

250 ಡಾಲರಿನ ಪೆಟ್ಟಿಗೆ

ಅಡಿಬರಹ ಸಿದ್ಧಪಡಿಸಿ ವಾಹಿನಿಗಳಿಗೆ ಪೂರೈಸಲೆಂದು 1979ರಲ್ಲಿ ನ್ಯಾಷನಲ್ ಕ್ಯಾಪ್ಷನಿಂಗ್ ಇನ್‌ಸ್ಟಿಟ್ಯೂಟ್, ಸಂಕ್ಷೇಪವಾಗಿ ಎನ್‌ಸಿಐ, ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಸ್ಥಾಪನೆಗೊಂಡಿತು. ಜಾನ್ ಬಾಲ್ ಅದರ ಮೊದಲ ಅಧ್ಯಕ್ಷರಾದರು. 1980ರ ಮಾರ್ಚ್ 16ರ ಭಾನುವಾರ ಎಬಿಸಿ, ಎನ್‌ಬಿಸಿ ಮತ್ತು ಪಿಬಿಎಸ್ ವಾಹಿನಿಗಳು ಅಡಗಿಸಿಟ್ಟ ಅಡಿಬರಹವುಳ್ಳ ಕಾರ್ಯಕ್ರಮಗಳನ್ನು ಆರಂಭಿಸಿದವು. ಬರಹವನ್ನು ಬಿಡಿಸಿ ತೋರಿಸುವ ಡಿಕೋಡರ್ ಪೆಟ್ಟಿಗೆಯನ್ನು ಸಿಯರ್ಸ್ ಅಂಗಡಿಗಳು ಸುಮಾರು 250 ಡಾಲರಿಗೆ ಮಾರಿದವು. ವ್ಯವಸ್ಥೆಯ ಹಂಚಿಕೆ ಈ ಹಂತದಲ್ಲಿ ಹೀಗಿತ್ತು: ಸಂಶೋಧನೆಗೆ ಸರ್ಕಾರದ ಹಣ, ಅಡಿಬರಹ ಬರೆಯಲು ವಾಹಿನಿಗಳ ಹಾಗೂ ಸರ್ಕಾರದ ಹಣ, ಅದನ್ನು ಓದುವ ಪೆಟ್ಟಿಗೆಗೆ ಕಿವುಡರ ಸ್ವಂತ ಹಣ.

ಈ ಹಂಚಿಕೆ ಒಂದು ಸುಳಿಯನ್ನು ಹುಟ್ಟುಹಾಕಿತು. ಅಡಿಬರಹವುಳ್ಳ ಕಾರ್ಯಕ್ರಮಗಳು ವಾರಕ್ಕೆ ಕೆಲವೇ ಗಂಟೆಗಳಷ್ಟಿದ್ದುದರಿಂದ ದುಬಾರಿ ಪೆಟ್ಟಿಗೆ ಕೊಳ್ಳಲು ಜನ ಹಿಂಜರಿದರು. ಪೆಟ್ಟಿಗೆ ಕೊಂಡವರ ಸಂಖ್ಯೆ ಕಡಿಮೆಯೆಂದು ವಾಹಿನಿಗಳೂ ಜಾಹೀರಾತುದಾರರೂ ಹೆಚ್ಚಿನ ಕಾರ್ಯಕ್ರಮಗಳಿಗೆ ಹಣ ಹೂಡಲು ಹಿಂಜರಿದರು. ಮೂರು ದೊಡ್ಡ ಖಾಸಗಿ ವಾಹಿನಿಗಳಲ್ಲಿ ಒಂದಾದ ಸಿಬಿಎಸ್, ಟೆಲಿಟೆಕ್ಸ್ಟ್ ಎಂಬ ಬೇರೆಯೇ ಪದ್ಧತಿಯ ಪರವಾಗಿ ನಿಂತು ಈ ವ್ಯವಸ್ಥೆಯಿಂದ ದೂರ ಉಳಿಯಿತು. ಅದರ ಕೇಂದ್ರಗಳ ಮುಂದೆ ಕಿವುಡರು ಪ್ರತಿಭಟನೆ ನಡೆಸಿದರು, ಕೊನೆಗೆ 1984ರಲ್ಲಿ ಅದು ಇಪ್ಪತ್ತೊಂದನೆಯ ಗೆರೆಯ ಅಡಿಬರಹವನ್ನೂ ಒಪ್ಪಿಕೊಂಡಿತು. ನ್ಯಾಯಾಲಯದ ದಾರಿಯೂ ಸುಗಮವಾಗಿರಲಿಲ್ಲ. ಲಾಸ್ ಏಂಜಲೀಸ್‌ನ ಸಾರ್ವಜನಿಕ ಕೇಂದ್ರವೊಂದರ ಪರವಾನಗಿ ನವೀಕರಣವನ್ನು ಪ್ರಶ್ನಿಸಿದ ಗಾಟ್‌ಫ್ರೈಡ್ ಪ್ರಕರಣದಲ್ಲಿ 1983ರಲ್ಲಿ ತೀರ್ಪಿತ್ತ ಅಮೆರಿಕದ ಸುಪ್ರೀಂ ಕೋರ್ಟ್, ಖಾಸಗಿ ಕೇಂದ್ರಗಳಿಗಿಲ್ಲದ ಕಟ್ಟುನಿಟ್ಟನ್ನು ಸಾರ್ವಜನಿಕ ಕೇಂದ್ರಗಳ ಮೇಲೆ ಹೇರಲು ಎಫ್‌ಸಿಸಿ ಬದ್ಧವಲ್ಲವೆಂದು ಹೇಳಿತು. ಅಡಿಬರಹ ಹಕ್ಕಾಗಬೇಕಾದರೆ ಸಂಸತ್ತೇ ಸ್ಪಷ್ಟ ಕಾನೂನು ಮಾಡಬೇಕೆಂಬುದು ಇದರಿಂದ ಖಚಿತವಾಯಿತು.

1988ರಲ್ಲಿ ಗ್ಯಾಲಡೆಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಿವುಡರೊಬ್ಬರೇ ತಮ್ಮ ಸಂಸ್ಥೆಯ ಅಧ್ಯಕ್ಷರಾಗಬೇಕೆಂದು ನಡೆಸಿದ ಹೋರಾಟ ಗೆದ್ದು ಕಿವುಡ ಸಮುದಾಯದ ದನಿಗೆ ರಾಜಕೀಯ ತೂಕ ಬಂತು. ಕಿವುಡ ಅಣ್ಣನೊಡನೆ ಬೆಳೆದಿದ್ದ ಸೆನೆಟರ್ ಟಾಮ್ ಹಾರ್ಕಿನ್ ಮೊದಲಾದವರು ಮುಂದಿಟ್ಟ ಟೆಲಿವಿಷನ್ ಡಿಕೋಡರ್ ಸರ್ಕ್ಯೂಟ್ರಿ ಕಾಯ್ದೆ 1990ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದು, 1993ರ ಜುಲೈ 1ರ ನಂತರ ಅಮೆರಿಕದಲ್ಲಿ ಮಾರಾಟಕ್ಕೆಂದು ತಯಾರಾಗುವ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಪರದೆಯ ಪ್ರತಿಯೊಂದು ಟಿ.ವಿ.ಯಲ್ಲೂ ಡಿಕೋಡರ್ ಇರಲೇಬೇಕೆಂದು ವಿಧಿಸಿತು. ಬಿಡಿಯಾಗಿ ನೂರಾರು ಡಾಲರ್ ಬೆಲೆಯಿದ್ದ ಪೆಟ್ಟಿಗೆ, ಕೋಟಿಗಟ್ಟಲೆ ಸಂಖ್ಯೆಯಲ್ಲಿ ಅಚ್ಚಾಗುವ ಚಿಪ್ಪಿನ ರೂಪ ತಾಳಿದಾಗ ಪ್ರತಿ ಟಿ.ವಿ.ಗೆ ಕೆಲವೇ ಡಾಲರುಗಳ ವೆಚ್ಚವಾಯಿತು. ಒಂದು ಸಣ್ಣ ಸಮುದಾಯ ಹೊರಲಾರದ ಭಾರ ಎಲ್ಲ ಕೊಳ್ಳುಗರಿಗೂ ಹಂಚಿಹೋದಾಗ ಯಾರ ಗಮನಕ್ಕೂ ಬರಲಿಲ್ಲ. ಅದರ ಫಲವನ್ನೂ ಎಲ್ಲರೂ ಉಂಡರು: ಗದ್ದಲದ ಹೋಟೆಲುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ, ವ್ಯಾಯಾಮಶಾಲೆಗಳಲ್ಲಿ ಅಡಿಬರಹ ಸಾಮಾನ್ಯವಾಯಿತು, ಇಂಗ್ಲಿಷ್ ಕಲಿಯುತ್ತಿದ್ದ ವಲಸಿಗರೂ ವಯಸ್ಸಾದಂತೆ ಕಿವಿ ಮಂದವಾದವರೂ ಅದರ ದೊಡ್ಡ ಬಳಕೆದಾರರಾದರು.

ಓದುವ ಉಪಕರಣದ ಪ್ರಶ್ನೆ ಬಗೆಹರಿದ ಮೇಲೆ ಉಳಿದದ್ದು ಬರೆಯುವವರ ಪ್ರಶ್ನೆ. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯೂ ಅದರಡಿ 1998ರಿಂದ ಜಾರಿಗೊಂಡ ಎಫ್‌ಸಿಸಿ ನಿಯಮಗಳೂ ಈ ಭಾರವನ್ನು ಕಾರ್ಯಕ್ರಮಗಳ ಹಂಚಿಕೆದಾರರ ಮೇಲೆ ಹೊರಿಸಿ, ಕೆಲವು ವಿನಾಯಿತಿಗಳನ್ನು ಬಿಟ್ಟು 2006ರ ಜನವರಿಯ ಹೊತ್ತಿಗೆ ಎಲ್ಲ ಹೊಸ ಇಂಗ್ಲಿಷ್ ಕಾರ್ಯಕ್ರಮಗಳಿಗೂ ಅಡಿಬರಹವಿರಬೇಕೆಂದು ಹಂತಹಂತದ ಗುರಿ ನಿಗದಿಪಡಿಸಿದವು. ಕ್ಯಾಪ್ಷನ್ ಒಂದು ಉದ್ಯಮವಾಗಿ ಬೇರೂರಿದ್ದು ಈ ಕಾನೂನಿನ ಆಸರೆಯಲ್ಲಿ.

ಮಾತಿನ ಹಿಂದೆ ಓಡುವ ಬೆರಳು

ಮೊದಲೇ ಮುದ್ರಿತವಾದ ಕಾರ್ಯಕ್ರಮಕ್ಕೆ ಅಡಿಬರಹ ಬರೆಯುವುದು ಸಾವಕಾಶದ ಕೆಲಸವಾದರೆ ನೇರ ಪ್ರಸಾರದ ಸಂಗತಿಯೇ ಬೇರೆ. ಎನ್‌ಸಿಐ 1982ರಲ್ಲಿ ನೇರ ಪ್ರಸಾರಕ್ಕೆ ಅಡಿಬರಹ ಒದಗಿಸಲು ಆರಂಭಿಸಿದಾಗ ನೆರವಿಗೆ ಬಂದದ್ದು ನ್ಯಾಯಾಲಯಗಳ ಸ್ಟೆನೋಟೈಪ್ ಯಂತ್ರ. ಇಪ್ಪತ್ತೆರಡು ಕೀಲಿಗಳ ಈ ಯಂತ್ರದಲ್ಲಿ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಒತ್ತುವುದಿಲ್ಲ. ಹಾರ್ಮೋನಿಯಂ ಮೇಲೆ ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವಂತೆ ಹಲವು ಕೀಲಿಗಳನ್ನು ಏಕಕಾಲಕ್ಕೆ ಒತ್ತಿ ಒಂದು ಉಚ್ಚಾರಾಂಶವನ್ನೋ ಇಡೀ ಪದವನ್ನೋ ದಾಖಲಿಸುತ್ತಾರೆ. ಈ ಧ್ವನಿಸಂಕೇತಗಳನ್ನು ಕಂಪ್ಯೂಟರ್ ತನ್ನ ನಿಘಂಟಿನೊಡನೆ ತಾಳೆ ನೋಡಿ ಇಂಗ್ಲಿಷ್ ಪದಗಳಾಗಿ ಬದಲಿಸುತ್ತದೆ. ಅಮೆರಿಕದಲ್ಲಿ ನೋಂದಾಯಿತ ವರದಿಗಾರರಾಗಲು ನಿಮಿಷಕ್ಕೆ 225 ಪದಗಳ ವೇಗದ ಪರೀಕ್ಷೆಯನ್ನು ದಾಟಬೇಕು. ಒಂದೇ ಉಚ್ಚಾರದ ಬೇರೆ ಬೇರೆ ಪದಗಳೂ ನಿಘಂಟಿನಲ್ಲಿಲ್ಲದ ವ್ಯಕ್ತಿನಾಮಗಳೂ ಇಲ್ಲಿ ತಪ್ಪಿನ ಮುಖ್ಯ ಮೂಲಗಳಾದ್ದರಿಂದ ಕ್ರೀಡಾ ಪಂದ್ಯಕ್ಕೆ ಮೊದಲು ಆಟಗಾರರ ಹೆಸರುಗಳನ್ನೂ ಚುನಾವಣೆಗೆ ಮೊದಲು ಅಭ್ಯರ್ಥಿಗಳ ಹೆಸರುಗಳನ್ನೂ ನಿಘಂಟಿಗೆ ಸೇರಿಸಿಕೊಳ್ಳುವುದು ಈ ವೃತ್ತಿಯ ದಿನಚರಿ.

ಬರೆದದ್ದನ್ನು ಪ್ರಸಾರದ ಸಂಕೇತದೊಳಗೆ ಕೂರಿಸುವ ಉಪಕರಣಕ್ಕೆ ಎನ್‌ಕೋಡರ್ ಎಂದು ಹೆಸರು. ವಾಹಿನಿಯ ಚಿತ್ರಸಂಕೇತ ಇದರ ಮೂಲಕವೇ ಹಾದುಹೋಗುವುದರಿಂದ ಇದು ಕೆಟ್ಟರೂ ಚಿತ್ರ ನಿಲ್ಲಬಾರದು, ಅಡಿಬರಹದ ಮಾಹಿತಿ ಬಂದ ಕ್ಷಣದಲ್ಲೇ ಸರಿಯಾದ ಗೆರೆಗೆ ಸೇರಬೇಕು. ನ್ಯೂಯಾರ್ಕಿನ ಇಇಜಿ ಎಂಟರ್‌ಪ್ರೈಸಸ್ ಕಂಪನಿ 1980ರ ದಶಕದಿಂದ ಇಂಥ ಎನ್‌ಕೋಡರುಗಳ ತಯಾರಿಕೆಯಲ್ಲಿ ಹೆಸರು ಮಾಡಿತು. ಹಿಂದೆ ಅಡಿಬರಹಗಾರರು ಒಂದು ದೂರವಾಣಿ ತಂತಿಯಲ್ಲಿ ಕಾರ್ಯಕ್ರಮದ ಧ್ವನಿಯನ್ನು ಕೇಳಿಸಿಕೊಂಡು ಇನ್ನೊಂದು ತಂತಿಯ ಮೋಡೆಮ್ ಮೂಲಕ ಬರಹವನ್ನು ಕಳುಹಿಸುತ್ತಿದ್ದರು. ಇಇಜಿ ರೂಪಿಸಿದ ಐಕ್ಯಾಪ್ ಎಂಬ ಜಾಲದಲ್ಲಿ ಎನ್‌ಕೋಡರೇ ಕಾರ್ಯಕ್ರಮದ ಧ್ವನಿಯನ್ನು ಇಂಟರ್ನೆಟ್ ಮೂಲಕ ಅಡಿಬರಹಗಾರರಿಗೆ ತಲುಪಿಸಿ ಅವರ ಬರಹವನ್ನು ಮರಳಿ ಪಡೆಯುತ್ತದೆ. ಹೀಗಾಗಿ ಬರೆಯುವವರು ಯಾವ ಊರಿನಲ್ಲಿ ಕುಳಿತಿದ್ದರೂ ಅಡ್ಡಿಯಿಲ್ಲ. ಮಾತನ್ನು ತಾನೇ ಗುರುತಿಸಿ ಬರಹಕ್ಕಿಳಿಸುವ ಲೆಕ್ಸಿ ಎಂಬ ಸ್ವಯಂಚಾಲಿತ ಸೇವೆಯನ್ನೂ ಅದು ಮುಂದೆ ಈ ಜಾಲಕ್ಕೆ ಜೋಡಿಸಿತು. 2021ರಲ್ಲಿ ಈ ಕಂಪನಿಯನ್ನು ಆಸ್ಟ್ರೇಲಿಯಾದ ಏಐ-ಮೀಡಿಯಾ ಕೊಂಡುಕೊಂಡಿತು. 2003ರಲ್ಲಿ ಟೋನಿ ಅಬ್ರಹಾಮ್ಸ್ ಜೊತೆಗೂಡಿ ಏಐ-ಮೀಡಿಯಾವನ್ನು ಸ್ಥಾಪಿಸಿದ ಅಲೆಕ್ಸ್ ಜೋನ್ಸ್ ಸ್ವತಃ ಕಿವುಡರು. ಬರೆಯುವವರನ್ನು ಪೂರೈಸುವ ಕಂಪನಿ ಯಂತ್ರ ತಯಾರಿಸುವ ಕಂಪನಿಯನ್ನು ಕೊಂಡದ್ದು ಈ ಉದ್ಯಮದ ದಿಕ್ಕನ್ನು ತೋರಿಸುತ್ತದೆ: ಮಾನವ ಶ್ರಮವೂ ಮಾತು ಗುರುತಿಸುವ ತಂತ್ರಾಂಶವೂ ಪ್ರಸಾರದ ಉಪಕರಣವೂ ಒಂದೇ ಸರಪಳಿಯ ಕೊಂಡಿಗಳಾಗುತ್ತಿವೆ.

ಇದರ ನಡುವೆ ಪ್ರಸಾರವೇ ಡಿಜಿಟಲ್ ಆಗಿ ಗೆರೆಗಳೆಂಬುವೇ ಇಲ್ಲದಂತಾಯಿತು. ಡಿಜಿಟಲ್ ಪ್ರಸಾರಕ್ಕಾಗಿ ರೂಪಿಸಿದ 708 ಎಂಬ ಮಾನಕದಲ್ಲಿ ಅಡಿಬರಹಕ್ಕೆ ಸೆಕೆಂಡಿಗೆ 9,600 ಬಿಟ್‌ಗಳ ಪಾಲು ದೊರೆತು, ಅಕ್ಷರದ ಗಾತ್ರ, ಬಣ್ಣ, ಹಿನ್ನೆಲೆಗಳನ್ನು ವೀಕ್ಷಕರೇ ಆಯ್ದುಕೊಳ್ಳುವಂತಾಯಿತು. ಆದರೂ 608 ಎಂಬ ಸಂಖ್ಯೆಯಿಂದ ಪರಿಚಿತವಾದ ಹಳೆಯ ಗೆರೆಯ ಮಾಹಿತಿಯನ್ನು ಕೈಬಿಡದೆ ಹೊಸ ಸಂಕೇತದೊಳಗೇ ಹೊತ್ತೊಯ್ಯುವ ವ್ಯವಸ್ಥೆ ಉಳಿಯಿತು. ಕಾನೂನೂ ಇದೇ ರೀತಿ ಹೊಸ ಮಾಧ್ಯಮಕ್ಕೆ ಕೈಚಾಚಿತು. ಟಿ.ವಿ.ಯಲ್ಲಿ ಅಡಿಬರಹದೊಡನೆ ಬಂದ ಕಾರ್ಯಕ್ರಮ ಇಂಟರ್ನೆಟ್ಟಿನಲ್ಲೂ ಅದರೊಡನೆಯೇ ಸಿಗಬೇಕೆಂಬ ತತ್ತ್ವವನ್ನು 2010ರ ಕಾಯ್ದೆ ಮುಂದಿಟ್ಟಿತು. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ ಹೂಡಿದ ದಾವೆಯ ಫಲವಾಗಿ 2012ರಲ್ಲಿ ನೆಟ್‌ಫ್ಲಿಕ್ಸ್ ತನ್ನೆಲ್ಲ ಸ್ಟ್ರೀಮಿಂಗ್ ಚಿತ್ರಗಳಿಗೂ ಎರಡು ವರ್ಷಗಳೊಳಗೆ ಅಡಿಬರಹ ಒದಗಿಸಲು ಒಪ್ಪಿತು.

ಅಡಿಬರಹ ಇದೆಯೇ ಎಂಬ ಪ್ರಶ್ನೆ ಮುಗಿದಲ್ಲಿ ಅದು ಹೇಗಿದೆ ಎಂಬ ಪ್ರಶ್ನೆ ಆರಂಭವಾಗುತ್ತದೆ. ಎಫ್‌ಸಿಸಿ 2014ರಲ್ಲಿ ಗುಣಮಟ್ಟಕ್ಕೆ ನಾಲ್ಕು ಅಳತೆಗೋಲುಗಳನ್ನು ಗೊತ್ತುಪಡಿಸಿತು: ಬರಹ ಮಾತಿಗೆ ನಿಷ್ಠವಾಗಿರಬೇಕು, ಮಾತಿನೊಡನೆ ಹೊಂದಿಕೊಂಡು ಬರಬೇಕು, ಕಾರ್ಯಕ್ರಮದ ಮೊದಲಿನಿಂದ ಕೊನೆಯವರೆಗೆ ಇರಬೇಕು, ಮುಖವನ್ನಾಗಲಿ ಪರದೆಯ ಮೇಲಿನ ಇತರ ಮಾಹಿತಿಯನ್ನಾಗಲಿ ಮರೆಮಾಡಬಾರದು. 2008ರ ಹೊತ್ತಿಗೇ ತನ್ನ ಮುಖ್ಯ ವಾಹಿನಿಗಳ ಎಲ್ಲ ಕಾರ್ಯಕ್ರಮಗಳಿಗೂ ಅಡಿಬರಹ ಒದಗಿಸಿದ ಬಿಬಿಸಿ, ನೇರ ಪ್ರಸಾರದಲ್ಲಿ ರೀಸ್ಪೀಕಿಂಗ್ ಎಂಬ ಬೇರೊಂದು ವಿಧಾನವನ್ನು ಬೆಳೆಸಿತು. ಇದರಲ್ಲಿ ತರಬೇತಿ ಪಡೆದವರೊಬ್ಬರು ಕಾರ್ಯಕ್ರಮದ ಮಾತನ್ನು ಕೇಳುತ್ತಲೇ ಸಮತಟ್ಟಾದ ಸ್ವರದಲ್ಲಿ, ವಿರಾಮಚಿಹ್ನೆಗಳನ್ನೂ ಉಚ್ಚರಿಸುತ್ತ ತಮ್ಮ ದನಿಗೆ ಒಗ್ಗಿಸಿಕೊಂಡ ತಂತ್ರಾಂಶಕ್ಕೆ ಮರುನುಡಿಯುತ್ತಾರೆ. ಬರೆಯುವುದು ಯಂತ್ರ, ತಿದ್ದುವುದು ಮನುಷ್ಯ. ಯುರೋಪಿನಲ್ಲಿ ಬಳಕೆಯಲ್ಲಿರುವ ಎನ್‌ಇಆರ್ ಎಂಬ ಮೌಲ್ಯಮಾಪನ ಕ್ರಮ, ಅರ್ಥ ಕೆಡಿಸುವ ತಪ್ಪಿಗೆ ಹೆಚ್ಚು, ಕಣ್ಣು ದಾಟಿಸಬಹುದಾದ ತಪ್ಪಿಗೆ ಕಡಿಮೆ ದಂಡ ಹಾಕಿ, 98 ಪ್ರತಿಶತ ನಿಖರತೆಯನ್ನು ತೇರ್ಗಡೆಯ ಮಟ್ಟವೆಂದು ಪರಿಗಣಿಸುತ್ತದೆ. ಕಿವಿಗೆ ಇದು ಹೆಚ್ಚೆನಿಸಬಹುದು; ಆದರೆ ಪದಕ್ಕೆ ಪದ ಲೆಕ್ಕ ಹಾಕಿದರೆ ನಿಮಿಷಕ್ಕೆ 160 ಪದಗಳ ಮಾತಿನಲ್ಲಿ ನೂರಕ್ಕೆ ಎರಡರ ತಪ್ಪೆಂದರೆ ನಿಮಿಷಕ್ಕೆ ಮೂರು ತಪ್ಪು ಪದಗಳು, ಅವುಗಳಲ್ಲೊಂದು ‘ಇಲ್ಲ’ ಎಂಬ ಪದವಾಗಿದ್ದರೆ ಸುದ್ದಿಯೇ ತಿರುವುಮುರುವು.

ಭಾರತದ ಹೆಗಲು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಆದರೆ ಇಲ್ಲಿ ಟಿ.ವಿ. ಅಡಿಬರಹದ ದೊಡ್ಡ ಪ್ರಯೋಗ ನಡೆದದ್ದು ಕಿವಿಯ ಕಾರಣಕ್ಕಲ್ಲ, ಓದಿನ ಕಾರಣಕ್ಕೆ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಚಿತ್ರಗೀತೆಗಳಿಗೆ ಅದೇ ಭಾಷೆಯಲ್ಲೇ ಅಡಿಬರಹ ಕೊಡುವ ಆಲೋಚನೆಯನ್ನು ಮುಂದಿಟ್ಟರು. ಬಾಯಿಪಾಠವಾದ ಹಾಡಿನ ಸಾಲು ಪರದೆಯ ಮೇಲೆ ಕಂಡಾಗ ಅರೆಸಾಕ್ಷರರ ಕಣ್ಣು ತಾನಾಗಿಯೇ ಓದುವ ಅಭ್ಯಾಸಕ್ಕೆ ಬೀಳುತ್ತದೆಂಬುದು ಅವರ ವಾದ. ದೂರದರ್ಶನದ ಗುಜರಾತಿ ಕಾರ್ಯಕ್ರಮದಲ್ಲಿ ಆರಂಭವಾದ ಈ ಪ್ರಯೋಗ ಹಿಂದಿಯ ‘ಚಿತ್ರಹಾರ್’, ‘ರಂಗೋಲಿ’ಗಳಿಗೂ ಆಮೇಲೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಗೀತೆ ಕಾರ್ಯಕ್ರಮಗಳಿಗೂ ಹಬ್ಬಿತು. ಇವು ಎಲ್ಲರಿಗೂ ಕಾಣುವ ಬರಹಗಳಾದ್ದರಿಂದ ಡಿಕೋಡರಿನ ಪ್ರಶ್ನೆಯೇ ಏಳಲಿಲ್ಲ.

ಹಕ್ಕಿನ ದೃಷ್ಟಿಯ ನೆಲೆಗಟ್ಟು ಒದಗಿದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಿಂದ. ಶ್ರವಣದೋಷವುಳ್ಳವರು ಸಂಜ್ಞಾಭಾಷೆ ಅಥವಾ ಅಡಿಬರಹದ ಮೂಲಕ ಟೆಲಿವಿಷನ್ ಕಾರ್ಯಕ್ರಮಗಳನ್ನು ಅರಿಯುವಂತಾಗಬೇಕೆಂದು ಅದು ಹೇಳುತ್ತದೆ. ಇದನ್ನು ಆಧರಿಸಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2019ರ ಸೆಪ್ಟೆಂಬರ್‌ನಲ್ಲಿ ಟಿ.ವಿ. ಕಾರ್ಯಕ್ರಮಗಳ ಲಭ್ಯತೆಯ ಮಾನಕಗಳನ್ನು ಪ್ರಕಟಿಸಿ, ಅಡಿಬರಹ ಅಥವಾ ಸಂಜ್ಞಾಭಾಷೆಯಿರುವ ಕಾರ್ಯಕ್ರಮಗಳ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸಿ 2025ರ ವೇಳೆಗೆ ಅರ್ಧದ ಮಟ್ಟಕ್ಕೆ ತರುವ ಗುರಿ ಹಾಕಿತು. ನೇರ ಸುದ್ದಿ, ನೇರ ಚರ್ಚೆ, ನೇರ ಕ್ರೀಡಾ ಪ್ರಸಾರಗಳಂಥವುಗಳಿಗೆ ಮಾತ್ರ ವಿನಾಯಿತಿ ನೀಡಿತು. ಅಮೆರಿಕದಲ್ಲಿ ಡಿಕೋಡರ್ ಕಾನೂನು ಬರುವ ಎಂಟು ವರ್ಷ ಮೊದಲೇ ಆರಂಭವಾಗಿದ್ದ ನೇರ ಅಡಿಬರಹ ಇಲ್ಲಿ ಕಾನೂನಿನ ಮೇಲೂ ಹೊರಗೇ ಉಳಿಯಿತು.

ಕನ್ನಡದ ಮಟ್ಟಿಗೆ ಉಪಕರಣದ ತೊಡಕು ಒಂದು ಕಾಲಕ್ಕೆ ನಿಜವಾಗಿತ್ತು. ಒಂದು ಚೌಕಕ್ಕೊಂದು ರೋಮನ್ ಅಕ್ಷರವೆಂದು ಲೆಕ್ಕ ಹಾಕಿದ ಅಮೆರಿಕದ ಜಾಲರಿಯಲ್ಲಿ ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ, ಮೇಲೆ ಗುಡಿಸು ಹೊತ್ತ ಕನ್ನಡದ ಅಕ್ಷರಕ್ಕೆ ಜಾಗವಿರಲಿಲ್ಲ. ಭಾರತದಲ್ಲಿ ಬಳಕೆಯಲ್ಲಿರುವ ಡಿವಿಬಿ ಡಿಜಿಟಲ್ ಪದ್ಧತಿಯ ಅಡಿಬರಹದಲ್ಲಿ ಆ ತೊಡಕಿಲ್ಲ. ಅಲ್ಲಿ ಬರಹವನ್ನು ಅಕ್ಷರಸಂಕೇತಗಳಾಗಿ ಕಳುಹಿಸುವ ಬದಲು ಸಿದ್ಧಪಡಿಸಿದ ಚಿತ್ರವಾಗಿ ಕಳುಹಿಸಬಹುದಾದ್ದರಿಂದ ಯಾವ ಲಿಪಿಯಾದರೂ ಆದೀತು. ಸ್ಟ್ರೀಮಿಂಗ್ ಮಾಧ್ಯಮಗಳಲ್ಲಂತೂ ಅಡಿಬರಹ ಯೂನಿಕೋಡ್ ಪಠ್ಯವಾಗಿ ಸಾಗಿ ನೋಡುಗರ ಫೋನಿನ ಕನ್ನಡ ಅಕ್ಷರಗಳಲ್ಲೇ ಮೂಡುತ್ತದೆ.

ಹೀಗಾಗಿ ಉಳಿದಿರುವುದು ಬರೆಯುವ ಕೆಲಸದ ತೊಡಕು, ಅದು ಭಾಷೆಯೊಳಗಿನದು. ಪ್ರತ್ಯಯಗಳು ಒಂದರ ಮೇಲೊಂದು ಕೂಡಿಕೊಳ್ಳುವ ಕನ್ನಡದಲ್ಲಿ ‘ಹೋಗಬೇಕಾಗಿತ್ತಂತೆ’ಯಂಥ ಒಂದೇ ಪದ ಸಾಲಿನ ಅರ್ಧವನ್ನು ಆಕ್ರಮಿಸುತ್ತದೆ, ಮಾತು ಗುರುತಿಸುವ ತಂತ್ರಾಂಶಕ್ಕೆ ಬೇಕಾದ ಪದಕೋಶವೂ ಅದೇ ಕಾರಣಕ್ಕೆ ಇಂಗ್ಲಿಷಿನದಕ್ಕಿಂತ ಬಹಳ ದೊಡ್ಡದಾಗುತ್ತದೆ. ಧಾರವಾಡದ ಮಾತನ್ನು ಧಾರವಾಡದ್ದಾಗಿಯೇ, ಕುಂದಾಪುರದ್ದನ್ನು ಕುಂದಾಪುರದ್ದಾಗಿಯೇ ಬರೆಯಬೇಕೇ ಅಥವಾ ಎಲ್ಲವನ್ನೂ ಗ್ರಾಂಥಿಕ ರೂಪಕ್ಕೆ ತಿರುಗಿಸಬೇಕೇ ಎಂಬುದು ತಂತ್ರಾಂಶ ನಿರ್ಧರಿಸಲಾಗದ ಪ್ರಶ್ನೆ. ಹಾಸ್ಯ ಧಾರಾವಾಹಿಯಲ್ಲಿ ಆಡುನುಡಿಯನ್ನು ತಿದ್ದಿದರೆ ಹಾಸ್ಯವೇ ಹೋಗುತ್ತದೆ. ಶಾಲೆಯಲ್ಲಿ ಪುಸ್ತಕದ ಕನ್ನಡವನ್ನಷ್ಟೇ ಓದಿ ಬೆಳೆದ ಕಿವುಡ ಓದುಗರಿಗೆ ಆಡುನುಡಿಯ ಬರಹ ಹೊಸದಾಗಿ ಕಲಿಯಬೇಕಾದ ಭಾಷೆಯಂತಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಪ್ರಾದೇಶಿಕ ಪ್ರಭೇದಗಳ ಮಾತನ್ನು ಸಂಗ್ರಹಿಸಿ ಮಾತು ಗುರುತಿಸುವ ತಂತ್ರಜ್ಞಾನಕ್ಕೆ ಒದಗಿಸಲು ಹೊರಟಿರುವುದು ಈ ಕೊರತೆಯನ್ನು ತುಂಬುವ ಒಂದು ಹೆಜ್ಜೆ. ಆದರೂ ಯಂತ್ರ ಬರೆದದ್ದನ್ನು ಕ್ಷಣಾರ್ಧದಲ್ಲಿ ತಿದ್ದಬಲ್ಲ, ಎರಡು ಬಗೆಯ ಕನ್ನಡವನ್ನೂ ಬಲ್ಲ ಕೆಲಸಗಾರರ ತರಬೇತಿಗೆ ಇದು ಬದಲಿಯಾಗಲಾರದು.

ಅಮೆರಿಕದ ಸ್ಥಳೀಯ ವಾಹಿನಿಗಳು ಬಳಸಿದ ಒಂದು ಅಗ್ಗದ ದಾರಿ ಇಲ್ಲಿ ಗಮನಾರ್ಹ. ಸುದ್ದಿ ನಿರೂಪಕರ ಎದುರಿನ ಟೆಲಿಪ್ರಾಂಪ್ಟರಿನಲ್ಲಿ ಓಡುವ ಪಠ್ಯವನ್ನೇ ನೇರವಾಗಿ ಎನ್‌ಕೋಡರಿಗೆ ಕಳುಹಿಸುವ ಈ ಕ್ರಮದಲ್ಲಿ ಬರೆದಿಟ್ಟ ಸುದ್ದಿಗೆಲ್ಲ ಹೆಚ್ಚುವರಿ ಶ್ರಮವಿಲ್ಲದೆ ಅಡಿಬರಹ ದೊರೆಯುತ್ತದೆ. ಸ್ಥಳದಿಂದ ಮಾತನಾಡುವ ವರದಿಗಾರರ ಮಾತು, ಹವಾಮಾನ ವಿವರಣೆ, ಪೂರ್ವಸಿದ್ಧತೆಯಿಲ್ಲದ ಚರ್ಚೆ ಇವು ಅದರಲ್ಲಿ ಬಿಟ್ಟುಹೋಗುವುದರಿಂದ ದೊಡ್ಡ ನಗರಗಳ ಮುಖ್ಯ ವಾಹಿನಿಗಳು ಈ ಕ್ರಮವನ್ನಷ್ಟೇ ನೆಚ್ಚಿಕೊಳ್ಳುವಂತಿಲ್ಲವೆಂದು ಎಫ್‌ಸಿಸಿ ನಿಯಮ ಮಾಡಿತು. ಕನ್ನಡದ ಸುದ್ದಿಮನೆಗಳಲ್ಲೂ ಪ್ರತಿ ವಾರ್ತೆಯ ಪಠ್ಯ ಪ್ರಸಾರಕ್ಕೆ ಮೊದಲೇ ಟೈಪ್ ಆಗಿಯೇ ಇರುತ್ತದೆ. ಅದನ್ನು ಪರದೆಗೆ ತಲುಪಿಸುವುದು ಆರಂಭವಾಗಬಹುದು, ಅಮೆರಿಕದ ಅನುಭವ ತೋರಿಸುವಂತೆ ಅಲ್ಲಿಗೇ ನಿಂತರೆ ಸಾಲದು. ಕಾವೇರಿಯೋ ಕೃಷ್ಣೆಯೋ ಉಕ್ಕಿ ಹರಿಯುವಾಗ ನದಿದಂಡೆಯಿಂದ ವರದಿಗಾರರು ನೀಡುವ ಎಚ್ಚರಿಕೆ ಯಾವ ಪ್ರಾಂಪ್ಟರಿನಲ್ಲೂ ಇರುವುದಿಲ್ಲ. ನೇರ ಸುದ್ದಿಯನ್ನು ವಿನಾಯಿತಿಯ ಪಟ್ಟಿಯಲ್ಲಿ ಇಟ್ಟಿರುವವರೆಗೆ ಆ ಎಚ್ಚರಿಕೆಯನ್ನು ಅರಿಯುವ ಭಾರ, 1980ರ ಪೆಟ್ಟಿಗೆಯ ಬೆಲೆಯಂತೆಯೇ, ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಅನುಕೂಲವುಳ್ಳವರ ಮೇಲೆಯೇ ಉಳಿಯುತ್ತದೆ. ಮಾನಕಗಳ ಮುಂದಿನ ಪರಿಷ್ಕರಣೆ ಕೈಗೆತ್ತಿಕೊಳ್ಳಬೇಕಾದ ಮೊದಲ ವಿಷಯ ಈ ವಿನಾಯಿತಿಯೇ.